ನೀಲಪ್ಪನ ತಕರಾರು

ಮಗಳು ಸಮತಾ, ಯುವ ಒಕ್ಕೂಟದ ಅಧ್ಯಕ್ಷೆಯಾದಳೆಂದು ಕೇರಿಯವರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಂಡರೂ ನೀಲಪ್ಪನ ಗಂಟಲಲ್ಲಿ ಅದು ಇಳಿಯಲಿಲ್ಲ. ಸುಮ್ಮಸುಮ್ಮನೆ ಯಾರೂ ಯಾರಿಗೂ ಮಣೆ ಹಾಕುವುದಿಲ್ಲ ಎಂಬುದು ಅವನು ಐವತ್ತೆರಡು ವರ್ಷಕ್ಕೆ ಕಲಿತ ಒಂದೇ ಪಾಠ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರ ಒಕ್ಕೂಟ ಅದು. ಸಭೆ ನಡೆಸುವುದು, ನಾಲ್ಕು ಜನರೆದುರು ಮಾತಾಡುವುದು, ಸಾಹೇಬರ ಮುಂದೆ ನಿಂತು ಪ್ರಶ್ನೆ ಕೇಳುವುದು, ಇಂಥವನ್ನು ಕಲಿಸುತ್ತಾರಂತೆ. ಕಲಿಸಲಿ. ಆದರೆ ಕಲಿಸುವ ಕಾರ್ಯದರ್ಶಿ ಯಾರು? ಅಕ್ಕಿಆಲೂರಿನ ಗಿರಣಿ ಸಾವ್ಕಾರ ಅಜ್ಜಪ್ಪನ ಮಗ ಶಂಭುಲಿಂಗ. ಅದೇ ಗಿರಣಿಯಲ್ಲಿ ನೀಲಪ್ಪ ಚೀಲ ಹೊರುವ ಹಮಾಲ. ಸಾವ್ಕಾರನ ಮಗ ಹಮಾಲನ ಮಗಳನ್ನು ಕರೆದು ದೊಡ್ಡ ಕುರ್ಚಿಯಲ್ಲಿ ಕೂಡಿಸುತ್ತಾನೆಂದರೆ ಅದರ ಕೆಳಗೆ ಏನೋ ಇರಲೇಬೇಕು.

"ಆ ಹುಡುಗ ಛಲೋ ಅದಾನ. ಮೊನ್ನೆ ಬಂದು ನಮ್ಮ ನೆಲದ ಮ್ಯಾಲ ಕುಂತು ಚಾ ಕುಡದು ಹೋದ" ಎಂದಳು ಹೆಂಡತಿ ಗುತ್ತೆವ್ವ.

"ಅವರಪ್ಪನೂ ಹಿಂಗ ಬಂದು ಕುಂತಿದ್ದ" ಎಂದ ನೀಲಪ್ಪ.

ಇಪ್ಪತ್ತು ವರ್ಷದ ಹಿಂದೆ ಪಂಚಾಯ್ತಿ ಅಧ್ಯಕ್ಷಗಿರಿ ಮೀಸಲಾತಿಯಲ್ಲಿ ನೀಲಪ್ಪನ ಕೇರಿಗೆ ಬಂದಿತ್ತು. ಅಜ್ಜಪ್ಪ ತಾನೇ ಬಾಗಿಲಿಗೆ ಬಂದು, "ನೀನ ಆಗೋ ನೀಲಪ್ಪ" ಅಂದಿದ್ದ. ನೀಲಪ್ಪ ಹಿಗ್ಗಿ ಹೀರೇಕಾಯಿಯಾದ. ಒಂದು ದಿನ ಪಂಚಾಯ್ತಿ ಸಭೆ ಮುಗಿದ ಮೇಲೆ, ತಾನೂ ಸದಸ್ಯನಾಗಿದ್ದ ಅಜ್ಜಪ್ಪ ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕ ಮುಂದಿಟ್ಟು, "ನೀ ಸಹಿ ಮಾಡು, ಬರಿಯೂದು ಆಮ್ಯಾಲ ಬರಕೊಂಡ್ರಾತು" ಎಂದ. ಖಾಲಿ ಹಾಳೆಯ ಬುಡಕ್ಕೆ ನೀಲಪ್ಪ ಸಹಿ ಹಾಕಿದ. ಮೂರು ತಿಂಗಳಿಗೆ ಕೇರಿಯ ಸುಡುಗಾಡಿನ ಸುತ್ತ ಬೇಲಿ ಬಿತ್ತು. ಇವತ್ತು ಅಲ್ಲಿ ಸಾವ್ಕಾರನ ಗೋದಾಮಿದೆ. ನೀಲಪ್ಪ ದಿನಾ ಚೀಲ ಹೊತ್ತು ತನ್ನ ಅಜ್ಜ ಅಜ್ಜಿಯನ್ನು ಹೂತ ನೆಲವನ್ನೇ ತುಳಿಯುತ್ತಾನೆ.

ಠರಾವಿನ ಕೆಳಗೆ ಅಧ್ಯಕ್ಷರ ಸಹಿ ಇತ್ತಲ್ಲ, 'ನೀಲಪ್ಪ ಸುಡುಗಾಡು ಮಾರಿಕೊಂಡ' ಎಂದಿತು ಊರು. ಅವನು ತುಟಿ ಬಿಚ್ಚಲಿಲ್ಲ. ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಎಂದು ತಾನೇ ಹೇಳಿಕೊಳ್ಳುವುದು ಅವನಿಗೆ ಹೆಚ್ಚಿನ ನಾಚಿಕೆಯಾಗಿತ್ತು. ಶಾಲೆಯಲ್ಲಿ ಯಾರೋ ಆಡಿದ್ದನ್ನು ಕೇಳಿ ಸಮತಾ ಅಳುತ್ತ ಬಂದಾಗಲೂ ಹೇಳಲಿಲ್ಲ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು, ನಂಬಿಬಿಟ್ಟಳು. ಅದು ಅವನಿಗೆ ಗೊತ್ತಿತ್ತು.

ಹೀಗಾಗಿ ಮಗಳು ಸಭೆಯಿಂದ ಬಂದ ಕೂಡಲೇ ಅವನ ತಪಾಸಣೆ ಶುರುವಾಗುತ್ತಿತ್ತು.

"ಎಲ್ಲ್ಯಾದ್ರೂ ಸಹಿ ಮಾಡಿಸ್ಕೊಂಡ್ರೇನು?"

"ಹಾಜರಿಗೆ ಮಾಡೇನಿ."

"ಹಾಜರಿ ಅಂತ ಯಾರು ಹೇಳಿದ್ರು?"

"ಮ್ಯಾಲೆ ಬರದಿತ್ತಪ್ಪಾ!" ಸಮತಾ ಚೀಲವನ್ನು ಗೂಟಕ್ಕೆ ಹಾಕಿ ತಿರುಗಿದಳು. "ಶಂಭುಲಿಂಗ ಸರ್ ಮ್ಯಾಲೆ ಯಾಕ ಅಷ್ಟು ಸಂಶೇ? ಎಲ್ಲಾರೂ ನಿನ್ನಂಗ ಇರೂದಿಲ್ಲ."

ಆ ಮಾತು ನೀಲಪ್ಪನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ರಾತ್ರಿ ಊಟ ಬೇಡವೆಂದು ಮಲಗಿದ.

ಮುಂದಿನ ಸಭೆ ಅಕ್ಕಿಆಲೂರಿನಲ್ಲೇ ಇತ್ತು, ಪಾಲಕರೂ ಬರಬಹುದಿತ್ತು. ನೀಲಪ್ಪ ಸಂತೆಗೆಂದು ಹೇಳಿ ಹೋಗಿ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತ. ಕಣ್ಣು ಮಾತ್ರ ಶಂಭುಲಿಂಗನ ಕೈಮೇಲೆ. ಅವನು ನೀರಿನ ಲೋಟ ಸರಿಸಿದರೂ ಅನುಮಾನ, ನಕ್ಕರೂ ಅನುಮಾನ. ಸಭೆಯಲ್ಲಿ ಅಕ್ಕ, ಅಣ್ಣ, ಕಾಕಾ ಎನ್ನುವಂತಿಲ್ಲ, ಎಲ್ಲರೂ ಸದಸ್ಯರೇ ಎಂಬ ಕಟ್ಟಳೆ ಬೇರೆ. ಮುಂದಿನ ಶಿಬಿರ ಅಬಲೂರಿನಲ್ಲಿ ಆಗಲೆಂದು ಚರ್ಚೆ ನಡೆಯಿತು. ಸವಣೂರಿನ ಬಿಲಾಲ ಎತ್ತಿದ ಕೈಗಳನ್ನು ಎಣಿಸಿದ. ಸಮತಾ ಗದ್ದಲ ಮಾಡಿದವರನ್ನು ಗದರಿಸಿ ಕೂಡಿಸಿದಳು. ನೀಲಪ್ಪನಿಗೆ ಹೆಮ್ಮೆಯಾಯಿತು, ಆದರೂ ಶಂಭುಲಿಂಗನ ಕೈಯಿಂದ ಕಣ್ಣು ತೆಗೆಯಲಿಲ್ಲ.

ಕೊನೆಗೆ ಶಂಭುಲಿಂಗ ಠರಾವು ಪುಸ್ತಕದ ಖಾಲಿ ಹಾಳೆ ತೆರೆದು ಅವಳ ಮುಂದಿಟ್ಟ. "ಸಹಿ ಮಾಡ್ರಿ ಮೇಡಂ. ಹಿರೇಕೆರೂರು ಬಸ್ಸಿನ ಹೊತ್ತಾತು. ಬರಿಯೂದು ಆಮ್ಯಾಲ ನಾ ಬರಕೋತೇನಿ."

ಸಮತಾ ಪೆನ್ನು ತೆಗೆದುಕೊಂಡಳು.

"ಮಾಡಬ್ಯಾಡ!" ನೀಲಪ್ಪ ಎದ್ದು ನಿಂತಿದ್ದ. ಸಭೆಯೆಲ್ಲ ಹಿಂದೆ ತಿರುಗಿತು.

ಸಮತಾಳ ಮುಖ ಕೆಂಪಾಯಿತು. "ಮಾತಾಡೋರು ಹೆಸರು, ಊರು ಹೇಳಿ ಮಾತಾಡ್ರಿ" ಎಂದಳು ಬಿಗಿಯಾಗಿ.

ಹೆತ್ತ ಮಗಳೇ ಹೆಸರು ಕೇಳುತ್ತಿದ್ದಾಳೆ! ನೀಲಪ್ಪ ಕೂತುಬಿಡಬಹುದಿತ್ತು, ಇಪ್ಪತ್ತು ವರ್ಷ ಕೂತೇ ಇದ್ದನಲ್ಲ. ಆದರೆ ಪೆನ್ನು ಇನ್ನೂ ಅವಳ ಕೈಯಲ್ಲಿತ್ತು.

"ನಾ ನೀಲಪ್ಪ ರೀ. ಗಿರಣ್ಯಾಗ ಹಮಾಲಿ ಮಾಡ್ತೇನಿ. ಹಿಂದ ಪಂಚಾಯ್ತಿ ಅಧ್ಯಕ್ಷ ಇದ್ದೆ. ಇದ ಮಾತು ಹೇಳಿ, ಹಿಂಗ ಖಾಲಿ ಹಾಳಿ ಮ್ಯಾಲ ನನ್ನ ಸಹಿ ತಗೊಂಡ್ರು ಅಜ್ಜಪ್ಪ ಸಾವ್ಕಾರ್ರು. ಆಮ್ಯಾಲ ಅದರಾಗ ನಮ್ಮ ಕೇರಿ ಸುಡುಗಾಡು ಬರಕೊಂಡ್ರು. ನಾ ಮಾರಲಿಲ್ರಿ. ನನಗ ತಿಳೀಲಿಲ್ಲ."

ಶಂಭುಲಿಂಗನ ಮುಖ ಬಿಳಿಚಿತು. "ಇದು ಈ ಸಭಾದ ವಿಷಯ ಅಲ್ರಿ ಮೇಡಂ" ಎಂದ.

ಸಮತಾ ಅವನತ್ತ ನೋಡಲಿಲ್ಲ. "ಯಾವಾಗ ಆಗಿದ್ದಿದು?" ಎಂದು ಹಿಂದಿನ ಸಾಲನ್ನು ಕೇಳಿದಳು. ದನಿ ಮೊದಲಿನಂತಿರಲಿಲ್ಲ.

"ನೀ ಹುಟ್ಟಿ ನಾಕ ತಿಂಗಳಾಗಿತ್ತು."

ಅವಳು ಪೆನ್ನನ್ನು ಪುಸ್ತಕದ ಮೇಲಿಟ್ಟಳು. ಎರಡನ್ನೂ ಶಂಭುಲಿಂಗನ ಕಡೆ ಸರಿಸಿದಳು. "ಶಿಬಿರದ ಠರಾವು ಈಗ ಬರೀರಿ. ಬಸ್ಸು ಹೋದ್ರ ಹೋಗ್ಲಿ."

ಅವನು ಬರೆದ. ಮುಗಿಸಿ ತಲೆಯೆತ್ತಿದ.

"ಅದರ ಕೆಳಗ ನೀಲಪ್ಪನವರ ತಕರಾರು ಬರೀರಿ. ಅವರು ಹೇಳಿದ್ದು, ಹೇಳಿದಂಗ."

"ಅದನ್ನೂ ಬರೀಬೇಕೇನ್ರಿ?"

"ಸಭಾದಾಗ ಎದ್ದು ನಿಂತು ಹೇಳಿದ್ದನ್ನ ಬಿಡಬಾರ್ದು ಅಂತ ನೀವ ಕಲಿಸೀರಿ."

ಶಂಭುಲಿಂಗ ಎರಡು ಸಾಲು ಬರೆದ. ಮೂರನೆಯ ಸಾಲಿನಲ್ಲಿ ತನ್ನ ಅಪ್ಪನ ಹೆಸರು ಬರೆಯಬೇಕಾದಲ್ಲಿ ಅವನ ಕೈ ನಿಂತಿತು. ಈ ಹುಡುಗ ಕಳ್ಳನೋ, ಅವಸರದವನೋ, ನೀಲಪ್ಪನಿಗೆ ಈಗಲೂ ಬಗೆಹರಿಯಲಿಲ್ಲ. "ನನ್ನ ಕಡೆ ಆಗೂದಿಲ್ರಿ" ಎಂದು ಶಂಭುಲಿಂಗ ಪೆನ್ನು ಕೆಳಗಿಟ್ಟ.

ಸಮತಾ ಪುಸ್ತಕ ಎಳೆದುಕೊಂಡು ಉಳಿದದ್ದನ್ನು ತಾನೇ ಬರೆದಳು. ಅಜ್ಜಪ್ಪ ಎಂಬ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಓದಿದಳು. ಸಭೆಯ ಕಟ್ಟಳೆ ಅವಳಿಗೆ ನೆನಪಾಗಲಿಲ್ಲ.

"ಅಪ್ಪಾ, ಇಲ್ಲಿ ಬಾ. ಓದಿ ನೋಡು. ಸರಿ ಇದ್ರ ಸಹಿ ಮಾಡು."

ನೀಲಪ್ಪ ಹೋದ. ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗಿನ ಓದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ. ಹೊರಗೆ ಬಸ್ಸು ಹೊರಟ ಸದ್ದಾಯಿತು, ಒಬ್ಬರೂ ಏಳಲಿಲ್ಲ. 'ನಾನು ಮಾರಲಿಲ್ಲ' ಎಂಬಲ್ಲಿ ಅವನ ಬೆರಳು ಬಹಳ ಹೊತ್ತು ನಿಂತಿತು. ನಾಳೆ ಗಿರಣಿಯಲ್ಲಿ ಕೆಲಸ ಇರಲಾರದೆಂದು ಅವನಿಗೆ ಗೊತ್ತಿತ್ತು.

"ಅಧ್ಯಕ್ಷರು ಮೊದಲ ಮಾಡ್ತಾರೋ, ನಾನೋ?" ಎಂದು ಕೇಳಿದ.

"ನೀನ ಮೊದಲು" ಎಂದಳು ಸಮತಾ.