ಮುಗಿಲರಸಿಯ ಮೂಗು

ಮುಗಿಲರಸಿ ಸಾಯಬೇಕೋ ಉಳಿಯಬೇಕೋ ಎಂಬುದನ್ನು ಓದುಗರೇ ತೀರ್ಮಾನಿಸಲಿ ಎಂದು ನಮ್ಮ ಸಂಪಾದಕರು ಘೋಷಿಸಿದ ದಿನ ದೊಡ್ಡಮ್ಮ ಅವಳ ಮುಂಗುರುಳಿಗೆ ಶಾಯಿ ತುಂಬುತ್ತಿದ್ದಳು. ಹದಿನೆಂಟು ವರ್ಷಗಳಿಂದ ದೊಡ್ಡಮ್ಮ ಬರೆಯುತ್ತಿರುವುದು ಅವಳೊಬ್ಬಳನ್ನೇ. ನಮ್ಮದು 'ಸಿಡಿಲರಸ-ಮುಗಿಲರಸಿ' ಎಂಬ ಚಿತ್ರಕಥೆಯ ಮಾಸಪತ್ರಿಕೆ. ರಾಜನನ್ನು ಬರೆಯುವವರು ಸಂಪಾದಕರ ಭಾವಮೈದ, ರಾಣಿಯನ್ನು ಬರೆಯುವವಳು ನನ್ನ ದೊಡ್ಡಮ್ಮ. ಗಂಡ ಹೆಂಡತಿ ಕೈ ಹಿಡಿದುಕೊಂಡು ಆಕಾಶದಲ್ಲಿ ಹಾರುವಾಗಲೂ ಅವರನ್ನು ಬರೆಯುವ ಎರಡು ಮೇಜುಗಳ ನಡುವೆ ಒಂದು ಬೀರು ಅಡ್ಡ ನಿಂತಿರುತ್ತದೆ. ಭಾವಮೈದರಿಗೆ ಎಡಕ್ಕೆ ತಿರುಗಿದ ಮುಖ ಮಾತ್ರ ಬರೆಯಲು ಬರುತ್ತದೆ. ಹೀಗಾಗಿ ಲೋಕಕ್ಕೆ ಒದಗುವ ಆಪತ್ತುಗಳೆಲ್ಲ ಹದಿನೆಂಟು ವರ್ಷಗಳಿಂದ ಎಡಗಡೆಯಿಂದಲೇ ಬರುತ್ತಿವೆ.

ರಾಣಿ ಸತ್ತರೆ ದೊಡ್ಡಮ್ಮ ಮನೆಗೆ ಹೋಗಬೇಕಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಭಾವಮೈದರು ಅವಳ ಮೇಜನ್ನು ಗೇಣಿನಲ್ಲಿ ಅಳೆದುಕೊಂಡು ಹೋದದ್ದನ್ನು ನಾನು ನೋಡಿದ್ದೆ.

ನನ್ನದು ಅಭಿಪ್ರಾಯ ವಿಭಾಗ. ವಿಭಾಗ ಎಂದರೆ ಒಂದು ಮೇಜು, ಒಂದು ಕತ್ತರಿ, ನಾನು. ಪದವಿ ಮುಗಿಸಿ ಒಂದೂವರೆ ವರ್ಷ ಮನೆಯ ಗೋಡೆ ನೋಡಿಕೊಂಡಿದ್ದವಳನ್ನು ದೊಡ್ಡಮ್ಮನೇ ಇಲ್ಲಿಗೆ ತಂದು ಸೇರಿಸಿದ್ದಳು. ಮಾತು ಬೇಕಿಲ್ಲದ ಕೆಲಸ. ಯಾರೇನು ಕೇಳಿದರೂ ಹ್ಞೂಂ ಎನ್ನುತ್ತೇನಾದ್ದರಿಂದ ಆಫೀಸಿನಲ್ಲಿ ನನ್ನ ಹೆಸರೇ ಹ್ಞೂಂ ಎಂದಾಗಿದೆ. "ಹ್ಞೂಂ ಬಂದ್ಲಾ?" ಎಂದು ಕೇಳುತ್ತಾರೆ. ಬಂದಿದ್ದರೆ ನಾನೇ ಹ್ಞೂಂ ಎನ್ನಬೇಕು.

ಲೋಕ ಉಳಿಯಿತೋ ಮುಳುಗಿತೋ ಎಂಬುದರಲ್ಲಿ ಓದುಗರಿಗೆ ಅಂಥ ಆಸಕ್ತಿಯಿಲ್ಲ. ಇಷ್ಟು ಪ್ರಳಯ ತಪ್ಪಿಸಿದ ದಂಪತಿಗೆ ಇವತ್ತಿನವರೆಗೆ ಒಬ್ಬರೂ ಒಂದು ಥ್ಯಾಂಕ್ಸ್ ಬರೆದಿಲ್ಲ. ಅರಸ ಸದಾ ಆಕಾಶದಲ್ಲೇ ಇದ್ದರೆ ಅರಮನೆಯ ಕಡತಗಳಿಗೆ ರುಜು ಹಾಕುವವರು ಯಾರು ಎಂದು ಒಬ್ಬ ನಿವೃತ್ತ ಗುಮಾಸ್ತರು ಪ್ರತಿ ತಿಂಗಳೂ ಕೇಳುತ್ತಾರೆ. ಒಬ್ಬ ದರ್ಜಿಗೆ ಅರಸನ ನಿಲುವಂಗಿಯಲ್ಲಿ ಒಂದೂ ಹೊಲಿಗೆ ಕಾಣದೆ ನಿದ್ದೆ ಬರುತ್ತಿಲ್ಲವಂತೆ. ಒಬ್ಬ ಗೃಹಸ್ಥರು, "ರಾಣಿ ರಾಜನಿಗಿಂತ ಮೊದಲು ಮಾತಾಡುತ್ತಾಳೆ, ಇದನ್ನು ಓದಿ ನಮ್ಮ ಮನೆಯಲ್ಲೂ ಶುರುವಾಗಿದೆ" ಎಂದು ದೂರಿದ್ದರು. ಅದೇ ಕವರಿನಲ್ಲಿ ಅವರ ಹೆಂಡತಿ ಬೇರೆ ಚೀಟಿ ಇಟ್ಟಿದ್ದರು: "ಈಗ ಶುರುವಾದದ್ದಲ್ಲ, ಮೊದಲಿಂದಲೂ ಇತ್ತು. ಇವರಿಗೆ ಈಗ ಕೇಳಿಸುತ್ತಿದೆ, ಅಷ್ಟೆ."

ಆ ತಿಂಗಳು ಕೊನೆಯ ಪುಟದ ಮೂಲೆಯಲ್ಲಿ ಒಂದು ಕೂಪನ್ ಅಚ್ಚಾಯಿತು. ಅದರಲ್ಲಿ ಎರಡು ಚೌಕ: ಸಾಯಲಿ, ಉಳಿಯಲಿ. ಕೆಳಗೆ ಸಣ್ಣಕ್ಷರದಲ್ಲಿ, ಕತ್ತರಿಸಿದ ಕೂಪನ್ ಇಲ್ಲದ ಅಭಿಪ್ರಾಯವನ್ನು ಪರಿಗಣಿಸಲಾಗುವುದಿಲ್ಲ ಎಂಬ ನಿಯಮ. ನಾನು ಕವರು ಒಡೆಯುತ್ತಿದ್ದೆ. ಕೂಪನ್ ಉದುರಿದರೆ ಎಣಿಸುತ್ತಿದ್ದೆ. ಉದುರದಿದ್ದರೆ ಕಾಗದವನ್ನು ಓದದೆ ಮೇಜಿನಡಿಯ ಚೀಲಕ್ಕೆ ತುರುಕುತ್ತಿದ್ದೆ. ಚೀಲ ಬೇಗ ತುಂಬಿತು. ಕಾಲಿಟ್ಟುಕೊಂಡು ಕೂರಲು ಅನುಕೂಲವಾಯಿತು.

ಮೂರು ವಾರಕ್ಕೆ ಸಾಯಲಿ ಎಂದವರು ಎರಡು ಸಾವಿರದ ನೂರ ಹದಿನಾಲ್ಕು, ಉಳಿಯಲಿ ಎಂದವರು ಮೂವತ್ತೊಂಬತ್ತು. ಆ ಮೂವತ್ತೊಂಬತ್ತರಲ್ಲಿ ಒಂದು ಕೂಪನ್ನಿನ ಅಂಚು ಹಲ್ಲುಹಲ್ಲಾಗಿ ಕತ್ತರಿಸಿಹೋಗಿತ್ತು. ಬದಿಯಲ್ಲಿ ಪೆನ್ಸಿಲಿನಲ್ಲಿ 'ಸಾರಿ' ಎಂದು ಬರೆದಿತ್ತು. ಸೊಟ್ಟಗೆ ಕತ್ತರಿಸಿದ್ದಕ್ಕೆ ಇರಬೇಕು ಅಂದುಕೊಂಡೆ.

ಅಂದು ಸಂಜೆ ಮನೆಯಲ್ಲಿ ದೊಡ್ಡಮ್ಮ ಕೇಳಿದಳು. "ಎಷ್ಟಾಯ್ತೇ?"

"ಹ್ಞೂಂ."

"ಅಷ್ಟೊಂದಾ?"

ನಾನು ನನ್ನ ಕೈಚೀಲದಿಂದ ಒಂದು ಕೂಪನ್ ತೆಗೆದು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಅದನ್ನು ಮಗುಚಿ ಹಿಂಭಾಗ ನೋಡಿದಳು. ಅಕ್ಷರ ಇರುವ ಕಡೆಯನ್ನು ದೊಡ್ಡಮ್ಮ ನೋಡುವುದೇ ಇಲ್ಲ.

"ಇದು ನಾನು ಬರೆದ ಮೂಗು" ಎಂದಳು.

ಬಗ್ಗಿ ನೋಡಿದೆ. ಹೌದು, ಮೂಗು, ಒಂದು ಕಣ್ಣು, ಅರ್ಧ ತುಟಿ. ಪುಟದ ಆಚೆ ಬದಿಯಲ್ಲಿ ರಾಜ ರಾಣಿಯ ಮುಖಗಳು ದೊಡ್ಡದಾಗಿ ಅಕ್ಕಪಕ್ಕ ಇದ್ದವು. ಕೂಪನ್ ಬಿದ್ದದ್ದು ಸರಿಯಾಗಿ ರಾಣಿಯ ಬೆನ್ನಿಗೆ.

"ಮೂರು ಸಾಯಂಕಾಲ ಹಿಡೀತು ಕಣೇ ಈ ಮೂಗಿಗೆ. ಯಾವ ಪುಣ್ಯಾತ್ಮ ಕತ್ತರಿ ಆಡಿಸ್ದ?"

"ಸಾಯಲಿ ಅಂದೋನು, ದೊಡ್ಡಮ್ಮ."

"ಮತ್ತಿನ್ಯಾರು ಆಡಿಸ್ತಾರೆ? ಅವಳು ಬೇಕು ಅನ್ನೋರು ಅವಳ ಮುಖ ಕೊಯ್ತಾರಾ?" ಎಂದು ಕೂಪನ್ ವಾಪಸ್ ಕೊಟ್ಟು ಒಣಗಿದ ಬಟ್ಟೆ ಮಡಚಲು ಎದ್ದುಹೋದಳು.

ಮೇಜಿನಡಿಯ ಚೀಲಕ್ಕೆ ಓದದೆ ತುರುಕಿದ ಕಾಗದಗಳು ನನಗೆ ನೆನಪಾದವು.

ಮರುದಿನ ಚೀಲದ ಮೇಲಿಂದ ಕಾಲು ತೆಗೆದು ಓದಲು ಕುಳಿತೆ. "ಕತ್ತರಿಸಲು ಮನಸ್ಸಾಗಲಿಲ್ಲ, ಈ ಕಾಗದವನ್ನೇ ವೋಟು ಅಂದುಕೊಳ್ಳಿ." "ನಾವು ಎಲ್ಲ ಸಂಚಿಕೆ ಬೈಂಡ್ ಮಾಡಿಸುತ್ತೇವೆ, ಹರಿದ ರಾಣಿಯನ್ನು ಹೇಗೆ ಇಡುವುದು?" ಒಬ್ಬರು ಅಡಿಕೋಲು ಹಿಡಿದು ಕೂಪನ್ನನ್ನೇ ಕೈಯಲ್ಲಿ ಬರೆದು, ಸಣ್ಣಕ್ಷರದ ನಿಯಮವನ್ನೂ ಬಿಡದೆ ನಕಲು ಮಾಡಿದ್ದರು. ಎರಡು ದಿನ ಓದಿದೆ. ಮೂರು ಸಾವಿರ ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಇಷ್ಟು ಜನರನ್ನು ನಾನು ಮೂರು ವಾರ ಕಾಲಡಿ ಇಟ್ಟುಕೊಂಡಿದ್ದೆ.

ಶುಕ್ರವಾರ ಮೀಟಿಂಗು. ಸಂಪಾದಕರು, ಭಾವಮೈದರು, ಪತ್ರಿಕೆಯ ಮಾರಾಟ ನೋಡಿಕೊಳ್ಳುವ, ಆಫೀಸಿನವರೆಲ್ಲ ಅಣ್ಣ ಎಂದೇ ಕರೆಯುವವರು. ದೊಡ್ಡಮ್ಮನನ್ನು ಕರೆದಿರಲಿಲ್ಲ. ಬೀರುವಿನ ಆಚೆ ಅವಳ ನಿಬ್ಬು ಕರಕರ ಎನ್ನುತ್ತಿತ್ತು.

"ಲೆಕ್ಕ ಓದಮ್ಮ, ಹ್ಞೂಂ" ಎಂದರು ಸಂಪಾದಕರು.

ನಾನು ಓದಲಿಲ್ಲ. ಕಟ್ಟು ಬಿಚ್ಚಿ ಕೂಪನ್‌ಗಳನ್ನು ಬೆನ್ನು ಮೇಲಾಗಿ ಹರಡತೊಡಗಿದೆ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಮೂಗುಗಳು.

"ಏನಮ್ಮ, ಇಸ್ಪೀಟಾ?" ಎಂದರು ಅಣ್ಣ.

"ರಾಣಿ ಬೇಕು ಅನ್ನೋರು ರಾಣಿ ಮುಖನೇ ಕತ್ತರಿಸಬೇಕಿತ್ತು, ಸರ್. ಅವರು ಕತ್ತರಿಸಲಿಲ್ಲ. ಎಲ್ಲಾ ಚೀಲದಲ್ಲಿದ್ದಾರೆ."

ಮಾತಾಡಿದ್ದು ಯಾರೆಂದು ಸಂಪಾದಕರು ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ನೋಡಮ್ಮ, ಓದುಗರು ನಮಗೆ ದೇವರು. ಆದ್ರೆ ದೇವರಾದ್ರೂ ಕೂಪನ್ ಕಳಿಸ್ಬೇಕು. ನಿಯಮ."

"ಅಷ್ಟೇ ಮತ್ತೆ" ಎಂದರು ಭಾವಮೈದರು. "ಜನ ಹೇಳಿಯಾಯ್ತು. ಇನ್ಮೇಲೆ ನನ್ನ ರಾಜ ಒಬ್ಬನೇ ಸಾಕು. ಆ ಮೇಜೂ ಸಿಗುತ್ತೆ, ಬಣ್ಣ ಇಟ್ಕೋಳೋಕೆ."

ನಾನು ಕೊನೆಯ ಕೂಪನ್ನನ್ನೂ ಹರಡಿ ಹೇಳಿದೆ. "ಹಾಗಾದ್ರೆ ಮುಂದಿನ ತಿಂಗಳು ಇನ್ನೊಂದು ಕೇಳೋಣ, ಸರ್. ರಾಜ ಸಾಯಲಿ, ರಾಜ ಉಳಿಯಲಿ. ನಿಯಮ ಇದೇ ಇರಲಿ. ಕೂಪನ್ ಮಾತ್ರ ರಾಜನ ಮುಖದ ಹಿಂದೆ."

ಬೀರುವಿನ ಆಚೆ ನಿಬ್ಬು ನಿಂತಿತು.

"ರಾಜನ ಹಿಂದೆ ಸೋಪಿನ ಜಾಹೀರಾತು ಇದೆಯಲ್ಲ" ಎಂದರು ಭಾವಮೈದರು ಗಡಿಬಿಡಿಯಲ್ಲಿ.

"ಸೋಪಿನವರಿಗೆ ಯಾವ ಮೂಲೆ ಆದ್ರೇನು? ರಾಣಿ ಬೆನ್ನಿಗೆ ಹಾಕಿದ್ರೆ ಇನ್ನೂ ಖುಷಿ ಪಡ್ತಾರೆ." ಅಣ್ಣನಿಗೆ ಹುರುಪು ಬಂದಿತ್ತು. "ಒಳ್ಳೇ ಐಡಿಯಾ, ಸರ್. ಜನ ಎರಡೆರಡು ಪ್ರತಿ ತಗೋತಾರೆ. ಒಂದು ಓದೋಕೆ, ಒಂದು ಕೊಯ್ಯೋಕೆ."

ಭಾವಮೈದರು ಮೇಜಿನ ಮೇಲಿನ ಮೂಗುಗಳನ್ನು ನೋಡಿದರು. ತಮ್ಮ ರಾಜನ ಮುಖಕ್ಕೆ ಕತ್ತರಿ ಹಾಕಲು ಎಷ್ಟು ಜನರಿಗೆ ಮನಸ್ಸು ಬಾರದೆ ಇದ್ದೀತು ಎಂದು ಎಣಿಸುತ್ತಿದ್ದಂತಿತ್ತು. ಎಣಿಕೆ ಬೇಗ ಮುಗಿಯಿತು.

"ಭಾವಾ" ಎಂದರು. ಆಫೀಸಿನಲ್ಲಿ ಅವರು ಯಾವತ್ತೂ ಸರ್ ಎನ್ನುವವರು. "ಗಂಡ ಹೆಂಡ್ತಿ ಅಂದ್ಮೇಲೆ ಜೊತೇಲಿದ್ರೇನೇ ಚೆಂದ. ಪಾಪ, ಅವಳೂ ಇರಲಿ ಬಿಡಿ."

ಮುಂದಿನ ಸಂಚಿಕೆಯಲ್ಲಿ ಸಂಪಾದಕರು ಬರೆದರು: ಓದುಗರ ಒಕ್ಕೊರಲ ಅಪೇಕ್ಷೆಗೆ ಮಣಿದು ಮುಗಿಲರಸಿಯನ್ನು ಉಳಿಸಿಕೊಳ್ಳಲಾಗಿದೆ. ಇದು ಮೋಸ ಎಂದು ನೂರಾರು ಜನ ಸಿಟ್ಟಿನ ಕಾಗದ ಬರೆದರು. ಯಾವುದರಲ್ಲೂ ಕೂಪನ್ ಇರಲಿಲ್ಲ. ನಿಯಮದಂತೆ ಚೀಲಕ್ಕೆ ತುರುಕಿದೆ, ಈ ಸಲ ಓದಿಯೇ ತುರುಕಿದೆ. ಅವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಅವುಗಳ ನಡುವೆ ದುಂಡಗಿನ ಅಕ್ಷರದ ಒಂದು ಕಾಗದ ಇತ್ತು. "ರಾಣಿ ಸಾಯಬಾರದು ಅಂತ ನಾನು ಅವಳ ಮುಖ ಕತ್ತರಿಸಿದೆ. ಅವಳಿಗೆ ಸಾರಿ ಅಂತನೂ ಬರೆದಿದ್ದೆ. ಈಗ ಉಳಿದಳಲ್ಲ, ನನ್ನ ಮೂಗು ವಾಪಸ್ ಕಳಿಸಿ."

ಬೀರು ಬಳಸಿ ಹೋಗಿ ದೊಡ್ಡಮ್ಮನಿಗೆ ತೋರಿಸಿದೆ. "ಹೊಸ ಮೂಗು ಬರೆದುಕೊಡ್ತೀಯಾ?"

"ಹೊಸದು ಯಾಕೆ? ಆ ಮಗುವಿನ ಪುಸ್ತಕದ ತೂತಿಗೆ ಅದೇ ಕೂರೋದು, ಹಲ್ಲಿಗೆ ಹಲ್ಲು. ಹುಡುಕು ಹೋಗು." ನಿಬ್ಬನ್ನು ಶಾಯಿಗೆ ಅದ್ದಿ, ತಲೆಯೆತ್ತದೆ ಕೇಳಿದಳು. "ಅವತ್ತು ಅಷ್ಟು ಮಾತಾಡಿದ್ಯಲ್ಲ, ಭಯ ಆಗ್ಲಿಲ್ವೇನೇ?"

"ಹ್ಞೂಂ."

ಮೂವತ್ತೊಂಬತ್ತು ಕೂಪನ್‌ಗಳ ಸಣ್ಣ ಕಟ್ಟಿನಲ್ಲಿ ಹನ್ನೊಂದನೆಯದೇ ಅದಾಗಿತ್ತು. ಕವರಿಗೆ ಹಾಕುವ ಮೊದಲು 'ಸಾರಿ'ಯ ಪಕ್ಕದಲ್ಲಿ ಪೆನ್ಸಿಲಿನಿಂದಲೇ 'ಪರವಾಗಿಲ್ಲ' ಎಂದು ಬರೆದೆ. ಅಕ್ಷರ ರಾಣಿಯದ್ದಿರಬಹುದು ಎನ್ನಿಸುವಂತೆ ಸ್ವಲ್ಪ ಓರೆಯಾಗಿ.