ಒಂಬತ್ತನೇ ಭಾಗದ ಇಳಿಜಾರು

ಆರೋಗ್ಯ ಉಪಕೇಂದ್ರದ ಹೊಸ ಕಟ್ಟಡಕ್ಕೆ ಸುಣ್ಣಬಣ್ಣ ಮುಗಿದ ದಿನ ಊರಿಗೆ ಊರೇ ಹೋಗಿ ನೋಡಿ ಹೊಗಳಿತು. ಮರಮ್ಮ ಮಾತ್ರ ರಸ್ತೆಯಂಚಿನಲ್ಲಿ ಗಾಲಿಕುರ್ಚಿ ನಿಲ್ಲಿಸಿಕೊಂಡು, ಬಣ್ಣವನ್ನಾಗಲಿ ಬೋರ್ಡನ್ನಾಗಲಿ ನೋಡದೆ ಮೆಟ್ಟಿಲನ್ನೇ ನೋಡುತ್ತಿದ್ದಳು. ನಾಲೆಯ ಪಕ್ಕದ ತಗ್ಗು ಜಾಗ, ಮಳೆಗಾಲದಲ್ಲಿ ನೀರು ನುಗ್ಗುತ್ತದೆ ಎಂದು ಪಾಯವನ್ನು ತೊಡೆಯ ಮಟ್ಟಕ್ಕೆ ಏರಿಸಿ, ಮುಂದೆ ಗ್ರಾನೈಟ್ ಮೆಟ್ಟಿಲು ಕಟ್ಟಿದ್ದರು. ಮುಖ ನೋಡಿಕೊಳ್ಳಬಹುದಾದಷ್ಟು ನುಣುಪು. ಅದರ ಪಕ್ಕದಲ್ಲಿ ಗಾಲಿಕುರ್ಚಿಗೆ ಇಳಿಜಾರಿನ ರ‍್ಯಾಂಪು ಬರುತ್ತದೆ ಎಂದು ಪಾಯ ತೋಡಿದ ದಿನದಿಂದ ಎಲ್ಲರೂ ಹೇಳಿಕೊಂಡು ಬಂದಿದ್ದರು. ಆ ಜಾಗದಲ್ಲಿ ಒಡೆದ ಇಟ್ಟಿಗೆಯ ರಾಶಿ ಬಿದ್ದಿತ್ತು.

ದೊಡ್ಡಾಲದ ಕೊಪ್ಪಲು ಹನಗೋಡಿನಿಂದ ಆಚೆಗಿನ ಊರು. ಅಲ್ಲಿ ಹೊಗೆಸೊಪ್ಪಿನ ಕಾಲ ಬಂದರೆ ಸೊಪ್ಪು ಹದಮಾಡುವ ಬ್ಯಾರನ್ನಿನ ಗೂಡಿಗೆ ಸೊಪ್ಪಿನ ಕಡ್ಡಿ ಏರಿಸಲು ಗಂಡಸರಿಗೆ ಸಮನಾಗಿ ಹತ್ತುತ್ತಿದ್ದವಳು ಮರಮ್ಮ. ಒಂದು ಸಲ ಮೇಲಿನ ಅಡ್ಡತೊಲೆಯಿಂದ ಕಾಲು ಜಾರಿ ಬಿದ್ದಳು, ಬೆನ್ನುಮೂಳೆ ಮುರಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ತೋಳು ಮತ್ತು ನಾಲಿಗೆ ಮಾತ್ರ ಮೊದಲಿಗಿಂತ ಗಟ್ಟಿಯಾದವು. ಈಗ ಕೂತಲ್ಲೇ ಸೊಪ್ಪು ಗ್ರೇಡ್ ಮಾಡಿ ಮನೆ ನಡೆಸುತ್ತಾಳೆ. ಕೂತು ಕೂತು ಸೊಂಟದ ಹಿಂದೆ ಹುಣ್ಣಾಗಿದೆ. ಅದನ್ನು ವಾರವಾರ ಉಪಕೇಂದ್ರದ ಸಿಸ್ಟರ್ ಸ್ಪಂದನಾ ತೊಳೆದು ಪಟ್ಟಿ ಹಾಕಬೇಕು, ಬಿಟ್ಟರೆ ಕೊಳೆಯುತ್ತದೆ. ಹಳೆಯ ಉಪಕೇಂದ್ರ ಬಾಡಿಗೆ ಮನೆಯಲ್ಲಿತ್ತು. ಸೋರುತ್ತಿತ್ತು, ಇಲಿಯೂ ಇತ್ತು, ಆದರೆ ಹೊಸ್ತಿಲು ರಸ್ತೆಗೆ ಸಮ. ಮರಮ್ಮ ಯಾರನ್ನೂ ಕರೆಯದೆ ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋಗಿ ಬರುತ್ತಿದ್ದಳು.

ಅವಳನ್ನು ಒಂದೇ ಒಂದು ಸಲ ಗಂಡಸರು ಎತ್ತಿದ್ದರು, ಪಂಚಾಯ್ತಿ ಆಫೀಸಿನ ಮೆಟ್ಟಿಲಿನಲ್ಲಿ. ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ತೊಡೆ ಹಿಡಿದ. ಸೀರೆ ಸರಿಯಿತು. ನಿಂತು ನೋಡುತ್ತಿದ್ದವನೊಬ್ಬ “ಒಳ್ಳೆ ಗೊಬ್ರದ ಮೂಟೆ ಭಾರ ಐತೆ ಕಣ್ಲಾ” ಅಂದ. ನಗು ಎದ್ದಿತು. ಆವತ್ತು ಮನೆಗೆ ಬಂದು ಮಗಳು ಶೃತಿಯ ಮುಂದೆ ಆಣೆ ಮಾಡಿದ್ದಳು: ಸತ್ತ ಮೇಲೆ ನಾಲ್ಕು ಜನ ಎತ್ತಲಿ, ಅದಕ್ಕೆ ಮುಂಚೆ ಯಾವನೂ ಎತ್ತಕೂಡದು.

ಹಾಗಾಗಿ ಇಟ್ಟಿಗೆ ರಾಶಿ ನೋಡಿದ ಮಾರನೆಯ ದಿನವೇ ಕೊಪ್ಪದ ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿಸಿ ಶೃತಿಯನ್ನು ಕರೆದುಕೊಂಡು, ತೋಳಿನ ಬಲದಲ್ಲಿ ತಾನೇ ಗೂಡ್ಸ್ ಆಟೋ ಏರಿ, ಕುರ್ಚಿಯನ್ನೂ ಹಾಕಿಸಿಕೊಂಡು ಇಂಜಿನಿಯರ್ ಆಫೀಸಿಗೆ ಹೋದಳು.

ಇಂಜಿನಿಯರ್ ಸೋಮಶೇಖರ್ ಕೆಟ್ಟ ಮನುಷ್ಯರಲ್ಲ. ಬಂದ ಕಷ್ಟವೇ ಅದು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಗಾಲಿಕುರ್ಚಿಯಲ್ಲಿ ಯಾರೋ ಬಂದಿದ್ದಾರೆ ಎಂದು ತಿಳಿದು ತಾವೇ ಮಹಡಿಯಿಂದ ಇಳಿದು ಬಂದರು. ಬೇವಿನ ಮರದ ನೆರಳಿನಲ್ಲಿ ಕೂತರು, ಟೀ ತರಿಸಿದರು. ರ‍್ಯಾಂಪಿನ ಮಾತೆತ್ತಿದ್ದಕ್ಕೆ ಮುಖ ಅರಳಿಸಿದರು.

“ರ‍್ಯಾಂಪು ಇದೆಯಮ್ಮ. ಇಲ್ಲ ಅಂದೋರು ಯಾರು?”

“ಎಲ್ಲೈತೆ ಸಾ? ನಾನು ನೋಡ್ದಾಗ ಇಟ್ಗೆ ಇತ್ತಲ್ಲ.”

ಅವರು ಇಟ್ಟಿಗೆಯಷ್ಟೇ ದಪ್ಪದ ಪುಸ್ತಕ ತರಿಸಿದರು. ಕಟ್ಟಡದ ವಿವರವೆಲ್ಲ ಅದರಲ್ಲಿತ್ತು. ಅದನ್ನು ಜೋಡಿಸಿದ್ದು ತಾವೇ ಎಂಬ ಹೆಮ್ಮೆಯೂ ಅವರ ಮುಖದಲ್ಲಿತ್ತು.

“ನೋಡಿ, ಕಟ್ಟಡ ಅಂದ್ರೆ ಸುಮ್ನೆ ಅಲ್ಲ. ಏನೇನು ಕೆಲಸ, ಯಾವ ಸಾಮಾನು, ಹೇಗೆ ಮಾಡ್ಬೇಕು, ಎಲ್ಲಾನೂ ಭಾಗ ಭಾಗ ಮಾಡಿ ಬರೀತೀವಿ. ಮೊದಲ್ನೇದು ಷರತ್ತುಗಳು. ಎರಡನೇದು ಮಣ್ಣಿನ ಕೆಲಸ. ಆಮೇಲೆ ಕಾಂಕ್ರೀಟು, ಗೋಡೆ, ಬಾಗಿಲು-ಕಿಟಕಿ, ನೆಲ, ನೀರಿನ ಪೈಪು, ಕರೆಂಟು. ಒಂದು ಕೆಲಸ ಒಂದೇ ಕಡೆ ಬರ್ಬೇಕು. ಎರಡು ಕಡೆ ಬಂದ್ರೆ ಇವನು ಮಾಡ್ತಾನೆ ಅಂತ ಅವನು, ಅವನು ಮಾಡ್ತಾನೆ ಅಂತ ಇವನು. ಈ ವಿಂಗಡಣೆ ಇಲ್ದಿದ್ರೆ ಸಿಮೆಂಟು ಎಲ್ಲಿ ಹೋಯ್ತು ಅಂತ್ಲೂ ಗೊತ್ತಾಗಲ್ಲ.”

ಮಾತು ಸರಿಯಾಗಿಯೇ ಇತ್ತು. ಮರಮ್ಮನಿಗೂ ವಿಂಗಡಣೆ ಹೊಸದಲ್ಲ. ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡದಿದ್ದರೆ ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. “ನಮ್ ರ‍್ಯಾಂಪು ಯಾವ ಭಾಗ್ದಲ್ಲೈತೆ?” ಎಂದಳು.

“ಒಂಬತ್ತನೇದ್ರಲ್ಲಿ. ಹೊರಾಂಗಣ ಅಂತ. ಕಾಂಪೌಂಡು, ಗೇಟು, ಹೂವಿನ ಗಿಡ, ಕಲ್ಲಿನ ಬೆಂಚು, ರ‍್ಯಾಂಪು. ಆ ಭಾಗದ ಟೆಂಡರ್ ಬೇರೆ. ಅನುದಾನ ಬಂದ ಮೇಲೆ ಕರೀತೀವಿ.”

“ಮೆಟ್ಲು?”

“ಅದು ಆರನೇದ್ರಲ್ಲಿ. ನೆಲದ ಜೊತೆ.”

ಮರಮ್ಮ ಟೀ ಲೋಟ ಕೆಳಗಿಟ್ಟಳು. “ಅಂದ್ರೆ ಮೆಟ್ಲು ಕಟ್ಟಡ. ರ‍್ಯಾಂಪು ಹೂವಿನ ಗಿಡ.”

“ಹಾಗಲ್ಲಮ್ಮ. ರ‍್ಯಾಂಪು ಗೋಡೆಯಿಂದ ಆಚೆಗೆ ಬರುತ್ತಲ್ಲ, ಅದಕ್ಕೆ...”

“ಮೆಟ್ಲೇನು ಗೋಡೆಯಿಂದ ಈಚೆಗೆ ಐತಾ ಸಾ?”

ಸೋಮಶೇಖರ್ ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. “ನಮ್ಮ ಆಫೀಸಲ್ಲಿ ಮೊದಲಿಂದಾನೂ ಹಾಗೇ ಬರ್ಕೊಂಡು ಬಂದಿದೀವಿ” ಅಂದರು. ಆಮೇಲೆ ನಿಜವಾದ ಕರುಣೆಯಿಂದಲೇ ಸೇರಿಸಿದರು: “ಅಲ್ಲೀವರೆಗೂ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಬಿಡಿ. ಹಳ್ಳಿ ಜನ ಅಷ್ಟೂ ಮಾಡಲ್ವಾ?”

ಮರಮ್ಮನ ಮೈಯೆಲ್ಲ ಉರಿದುಹೋಯಿತು. ಶೃತಿ ಹಿಂದಿನಿಂದ ಅಮ್ಮನ ಭುಜ ಒತ್ತಿದ್ದರಿಂದ ಬಾಯಿಗೆ ಬಂದದ್ದು ಹೊರಗೆ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಟ್ಟಿದ್ದ, ಕೊಟ್ಟು ಹೂವಿನ ತೋಟದಲ್ಲಿ ಹೂತಿಟ್ಟಿದ್ದ. ಆಟೋದಲ್ಲಿ ಊರು ಮುಟ್ಟುವವರೆಗೂ ಅವಳ ತಲೆಯಲ್ಲಿ ಸೊಪ್ಪಿನ ಗುಡ್ಡೆಗಳೇ. ಗ್ರೇಡ್ ಮಾಡುವಾಗ ನೆಲಕ್ಕೆ ಉದುರಿದ ಚೂರಿಗೂ ಒಂದು ಗುಡ್ಡೆ ಇರುತ್ತದೆ, ಮತ್ತು ಆ ಗುಡ್ಡೆಯೂ ಅದೇ ದಿನ ಅದೇ ಗಾಡಿ ಹತ್ತುತ್ತದೆ. ತನ್ನನ್ನು ಹಾಕಿದ ಗುಡ್ಡೆಗೆ ಗಾಡಿಯೇ ಇಲ್ಲ. ಆ ಯೋಚನೆ ಅವಳನ್ನು ಸುಮ್ಮನೆ ಮಲಗಲು ಬಿಡಲಿಲ್ಲ.

ಪ್ರಾರಂಭೋತ್ಸವದ ದಿನ ಬೆಳಿಗ್ಗೆಯೇ ಶಾಮಿಯಾನ ಎದ್ದಿತು. ದೊಡ್ಡ ಮನುಷ್ಯರು ಹನ್ನೊಂದು ಗಂಟೆಗೆ ಬರುವವರಿದ್ದರು. ಅವರಿಗಿಂತ ಮುಂಚೆ ಬರಬೇಕಾದವಳು ನಿಂಗಯ್ಯನ ಹಸು ಕೆಂಪಿ. ಸರ್ಕಾರದ್ದಾಗಲಿ ಸ್ವಂತದ್ದಾಗಲಿ, ಹೊಸ ಕಟ್ಟಡ ಅಂದ ಮೇಲೆ ಮೊದಲು ಹಸು ಕಾಲಿಡಬೇಕು, ಇಲ್ಲದಿದ್ದರೆ ಒಳಗೆ ಹೋದ ರೋಗಿ ಹೊರಗೆ ಬರುವುದಿಲ್ಲ ಎಂದು ಊರ ಹಿರಿಯರು ಹಟ ಹಿಡಿದಿದ್ದರು. ಕೊಂಬಿಗೆ ಅರಿಸಿನ, ಕೊರಳಿಗೆ ಸೇವಂತಿಗೆ ಹಾರ ಹಾಕಿಸಿಕೊಂಡು ಬಂದ ಕೆಂಪಿ ಗ್ರಾನೈಟ್ ಮೆಟ್ಟಿಲು ನೋಡಿದಳು, ಒಂದು ಗೊರಸು ಇಟ್ಟಳು, ಜಾರಿತು. ಹಿಂದಕ್ಕೆ ಸರಿದು ಕಲ್ಲಾಗಿ ನಿಂತಳು.

ಕಂಟ್ರಾಕ್ಟರ್ ಚಲುವರಾಜು ಹಿಂದಿನಿಂದ ನೂಕಲು ಹೋದ. ನಿಂಗಯ್ಯ ಕೆಂಡವಾದ.

“ಕೈ ತಗಿ! ಗಬ್ಬದ ಹಸ ಕಣಯ್ಯಾ ಅದು. ಈ ಮಿಂಚೋ ಕಲ್ಲಲ್ಲಿ ಬಿದ್ದು ಕಾಲ್ ಮುರ್ಕಂಡ್ರೆ ನಿಮ್ಮಪ್ಪ ಕೊಟ್ಟಾನಾ?”

“ಎತ್ತಿ ಹತ್ತಿಸಾಕಾಯ್ತದಾ ನಿಂಗಣ್ಣ?” ಎಂದ ಯಾರೋ.

“ಹಸಾನ ಎತ್ತೋದಾ? ಥೂ, ಮರ್ವಾದೆ ಬ್ಯಾಡ್ವಾ ಅದ್ಕೆ?”

ಮರಮ್ಮ ಶಾಮಿಯಾನದ ಕೆಳಗಿದ್ದಳು. ನಾಲ್ಕು ಹುಡುಗರು ಎತ್ತುತ್ತಾರೆ, ದೊಡ್ಡವರ ಜೊತೆ ಒಂದು ಫೋಟೋ ಆಗಲಿ ಎಂದು ಪಂಚಾಯ್ತಿಯವರು ಅವಳನ್ನು ಅಲ್ಲಿ ಕೂರಿಸಿದ್ದರು. ಒಪ್ಪುವುದಿಲ್ಲ ಎಂದು ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವಳು ನೋಡುತ್ತಿದ್ದಂತೆ ಚಲುವರಾಜು ಕೂಗಿದ: “ಲೇ, ಸೆಂಟ್ರಿಂಗ್ ಹಲಗೆ ಎತ್ಕಂಡ್ ಬರ‍್ರಲಾ! ಮರಳು ಮೂಟೆ ತನ್ನಿ!”

ಬಂದವು. ಇಟ್ಟಿಗೆ ರಾಶಿಯನ್ನು ಬಾಚಿ ಸಮ ಮಾಡಿದರು, ಮೇಲೆ ಮರಳಿನ ಮೂಟೆ ಜೋಡಿಸಿದರು, ಅದರ ಮೇಲೆ ಹಲಗೆ ಹಾಸಿ ಮೊಳೆ ಹೊಡೆದರು, ಗೊರಸು ಜಾರದಿರಲೆಂದು ಗೋಣಿಚೀಲ ಹೊದಿಸಿದರು. ಸೋಮಶೇಖರ್ ಖುದ್ದು ಬಗ್ಗಿ ನೋಡಿ, “ಕಡಿದಾಯ್ತು ಚಲುವರಾಜು, ಇನ್ನೂ ಸ್ವಲ್ಪ ಉದ್ದಕ್ಕೆ ತಗೊಳ್ಳಿ, ಪಾಪ ಹಸು” ಅಂದರು. ಉದ್ದಕ್ಕೆ ತೆಗೆದುಕೊಂಡರು. ದೊಡ್ಡವರ ಕಾರು ಇನ್ನೂ ಹನಗೋಡು ದಾಟಿರಲಿಲ್ಲ, ಅಷ್ಟರಲ್ಲಿ ರ‍್ಯಾಂಪು ಸಿದ್ಧವಾಗಿತ್ತು. ಅನುದಾನ ಬೇಕಾಗಲಿಲ್ಲ. ಟೆಂಡರ್ ಬೇಕಾಗಲಿಲ್ಲ. ಯಾವ ಭಾಗ ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲ.

ಕೆಂಪಿ ಗಂಭೀರವಾಗಿ ಹತ್ತಿದಳು, ಒಳಗೆ ಹೋಗಿ ನೆಲಕ್ಕೆ ಸಗಣಿ ಹಾಕಿದಳು, ಎಲ್ಲರೂ ಶುಭವಾಯಿತು ಎಂದು ಕೈ ಮುಗಿದರು. ಮರಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದವರು ಭಕ್ತಿ ಎಂದುಕೊಂಡರು. ಅದು ಬರೀ ಸಿಟ್ಟು.

ಹಸು ಇಳಿಯುತ್ತಿದ್ದಂತೆ ಚಲುವರಾಜು, “ಕಿತ್ತಾಕ್ರಲಾ ಬೇಗ, ಫೋಟೋದಲ್ಲಿ ಗಲೀಜಾಗಿ ಕಾಣ್ತದೆ” ಅಂದ.

“ಯಾವನಾದ್ರೂ ಅಲ್ಗೆ ಮುಟ್ಟಿದ್ರೆ ನೋಡಿ!”

ಹಲಗೆಯ ಬುಡದಲ್ಲಿ ಮರಮ್ಮನ ಗಾಲಿಕುರ್ಚಿ ನಿಂತಿತ್ತು. ಕೀಳಲು ಬಗ್ಗಿದ್ದವರು ಹಾಗೆಯೇ ನೆಟ್ಟಗಾದರು. ಅವಳು ಎರಡೂ ಗಾಲಿ ಹಿಡಿದು ನೂಕಿದಳು. ಗೋಣಿಚೀಲದ ಮೇಲೆ ಗಾಲಿ ಭಾರವಾಗಿ ಉರುಳಿತು. ಶೃತಿ ಓಡಿ ಬಂದು ಹಿಂದೆ ಕೈ ಕೊಡಲು ಹೋದರೆ, “ಬುಡವ್ವ, ನಾನೇ ಓಗ್ತೀನಿ” ಅಂದಳು. ತೋಳಿನ ನರ ಉಬ್ಬಿತು, ಉಸಿರು ಸಿಕ್ಕಿಕೊಂಡಿತು, ಅರ್ಧದಲ್ಲಿ ಕುರ್ಚಿ ಒಂದು ಗೇಣು ಹಿಂದಕ್ಕೆ ಜಾರಿತು. ಹೆಂಗಸರು ಅಯ್ಯೋ ಅಂದರು. ಹಲ್ಲು ಕಚ್ಚಿ ಮತ್ತೆ ನೂಕಿದಳು. ಮೇಲೆ ಮುಟ್ಟಿ, ಹೊಸ್ತಿಲು ದಾಟಿ, ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡು ಬ್ರೇಕ್ ಹಾಕಿದಳು.

ಅಷ್ಟರಲ್ಲಿ ಕಾರುಗಳು ಬಂದವು. ಗಾಬರಿಯಲ್ಲಿ ಯಾರೋ ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು ಕಟ್ಟಿಬಿಟ್ಟರು. ಮುಖ್ಯ ಅತಿಥಿಗಳು ಗ್ರಾನೈಟ್ ಮೆಟ್ಟಿಲು ಹತ್ತಿ ಕತ್ತರಿ ಹಿಡಿದು ನೋಡಿದರೆ, ಉದ್ಘಾಟನೆಯಾಗದ ಕಟ್ಟಡದ ಒಳಗಿನಿಂದ ಒಬ್ಬ ಹೆಂಗಸು ಅವರನ್ನೇ ದುರುಗುಟ್ಟಿ ನೋಡುತ್ತಿದ್ದಳು.

“ಇವರು ಆಗಲೇ ಒಳಗಿದ್ದಾರಲ್ಲ?”

“ಹಸ ಬಂದ ದಾರೀಲೇ ಬಂದೆ ಸಾ” ಎಂದಳು ಮರಮ್ಮ. ಅವಳ ದನಿ ಶಾಮಿಯಾನದ ಕೊನೆಯವರೆಗೂ ಕೇಳಿಸಿತು. “ಈಗ ಅದನ್ನ ಕೀಳ್ತಾರಂತೆ. ಹಸುಗೆ ಅಲ್ಗೆ ಹಾಕಿದ್ರು, ಕಡಿದಾಯ್ತು ಅಂತ ಉದ್ದ ಮಾಡಿದ್ರು. ಅದ್ನ ಎತ್ತಿದ್ರೆ ಮರ್ವಾದೆ ಓಯ್ತದೆ ಅಂದ್ರು. ನನ್ನ ಮಾತ್ರ ಎತ್ಕಂಡ್ ಓಗ್ತೀವಿ ಅಂತಾರೆ. ನನಗಿಲ್ವಾ ಮರ್ವಾದೆ? ಇವ್ರು ಅಲ್ಗೆ ಕಿತ್ರೆ ನಾನು ಇಲ್ಲಿಂದ ಇಳಿಯಾಕಿಲ್ಲ. ಎತ್ತಿಸ್ಕಳಾಕೂ ಇಲ್ಲ.”

ಅತಿಥಿಗಳು ಸೋಮಶೇಖರ್ ಕಡೆ ತಿರುಗಿದರು. “ರ‍್ಯಾಂಪು ಇದೆ ಸಾರ್” ಎಂದು ಶುರುಮಾಡಿದವರು, ಒಂಬತ್ತನೇ ಭಾಗ ಎನ್ನುವಷ್ಟರಲ್ಲಿ ಮಾತು ನಿಲ್ಲಿಸಿ ಕೆಳಗೆ ಹಲಗೆಯ ಕಡೆ ನೋಡಿದರು. ಅದನ್ನು ಉದ್ದ ಮಾಡಿಸಿದ್ದು ಯಾರು ಎಂದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಅತಿಥಿಗಳು “ಆಗ್ಬೇಕು, ಬೇಗ ಆಗ್ಬೇಕು” ಎಂದು ಟೇಪು ಕತ್ತರಿಸಿ, ಲಾಡು ತಿಂದು, ಹೋದರು. ಅವರಿಂದ ಆದದ್ದು ಅಷ್ಟೇ.

ಹಲಗೆ ಮಾತ್ರ ಉಳಿಯಿತು. ಇನ್ನೊಂದು ಸೈಟಿಗೆ ಬೇಕು ಎಂದು ಚಲುವರಾಜು ಟ್ರ್ಯಾಕ್ಟರ್ ತಂದರೆ ಹಸು ಹತ್ತಿದ ದಾರಿ ಕೀಳಕೂಡದು ಎಂದು ನಿಂಗಯ್ಯ ಬಂದು ಅದರ ಮೇಲೆ ಕೂರುತ್ತಿದ್ದ, ಕೆಂಪಿಯನ್ನೂ ಪಕ್ಕದಲ್ಲೇ ಕಟ್ಟುತ್ತಿದ್ದ. ಮರಮ್ಮ ವಾರವಾರ ಬಂದಳು, ಸ್ಪಂದನಾ ಪಟ್ಟಿ ಬದಲಿಸಿದಳು. ಮೂರನೆಯ ಸಲ ಟ್ರ್ಯಾಕ್ಟರ್ ಬರಿದೇ ವಾಪಸು ಹೋದ ಮೇಲೆ ಸೋಮಶೇಖರ್ ಅಳತೆ ಟೇಪು, ದಪ್ಪ ಪುಸ್ತಕ ಎರಡನ್ನೂ ಹಿಡಿದುಕೊಂಡು ತಾವೇ ಬಂದರು. ಮರಮ್ಮ ಪಟ್ಟಿ ಕಟ್ಟಿಸಿಕೊಂಡು ಇಳಿಯುತ್ತಿದ್ದಳು.

“ಹೆಚ್ಚುವರಿ ಕೆಲಸ ಅಂತ ತೋರ್ಸಿ ಸಿಮೆಂಟಲ್ಲೇ ಕಟ್ಟಿಸ್ತೀನಮ್ಮ. ಮೇಲಿನವರು ಒಪ್ಪಿದಾರೆ” ಎಂದರು. ಅಭ್ಯಾಸಬಲದಿಂದ ಪುಸ್ತಕದ ಕೊನೆಯ ಪುಟಗಳಿಗೆ ಬೆರಳು ಹಾಕಿದ್ದರು.

“ಅಲ್ಲಲ್ಲ ಸಾ. ಆರ‍್ನೇದು ತಗೀರಿ. ಮೆಟ್ಲು ಎಲ್ಲೈತೋ ಅದ್ರ ಪಕ್ಕಕ್ಕೆ ಬರೀರಿ.”

ಅವರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಪುಟ ಹಿಂದಕ್ಕೆ ಮಗುಚಿ, ಅವಳ ಕಣ್ಣೆದುರಿಗೇ ಬರೆದರು.

“ಒಂದು ಥ್ಯಾಂಕ್ಸ್ ಆದ್ರೂ ಹೇಳವ್ವ” ಎಂದು ಶೃತಿ ಪಿಸುಗುಟ್ಟಿದಳು.

“ಕೆಂಪಿಗೆ ಏಳಿವ್ನಿ ಬುಡು” ಎಂದು ಮರಮ್ಮ ಗಾಲಿ ತಿರುಗಿಸಿದಳು.