ಕಡ್ಡಿ ಪೂರ್ತಿ ಈಜಿದ ದಿನ

ಕಡ್ಡಿಯ ಅಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದು ಪೂರ್ತಿ ಸರಿಯಲ್ಲ. ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು, ದವಡೆ ಹಿಡಿದುಕೊಂಡು ಬರುವವರಿಗೆಲ್ಲ ದಿನವಿಡೀ ನಗುನಗುತ್ತಲೇ ಸರದಿ ಕೊಡುತ್ತಿದ್ದವಳು ಅವಳು. ತಡವಾಗಿ ಬಂದವರಿಗೆ, ನಿಮ್ಮ ಸರದಿ ಹೋಯಿತು, ನಿಯಮ ನಿಯಮವೇ ಎಂದು ಹೇಳುವಾಗಲೂ ದನಿ ಏರಿಸುತ್ತಿರಲಿಲ್ಲ. ಕೋಪವನ್ನೆಲ್ಲ ಅವಳು ಉಳಿಸಿಟ್ಟುಕೊಳ್ಳುತ್ತಿದ್ದದ್ದು ಮಗಳಿಗೆ ಅನ್ಯಾಯ ಮಾಡಿದವರ ಮೇಲೆ ತೋರಿಸಲಿಕ್ಕೆ. ಅಂಥವರಿಗೇನೂ ಲೋಕದಲ್ಲಿ ಬರವಿರಲಿಲ್ಲವಾದ್ದರಿಂದ ಆ ಕೋಪ ಎಂದೂ ತುಕ್ಕು ಹಿಡಿಯಲಿಲ್ಲ.

ಮಗಳಿಗೆ ಹನ್ನೆರಡು ವರ್ಷ. ಕೈಕಾಲು ಉದ್ದ, ಮೈಮೇಲೆ ಹುಡುಕಿದರೂ ಮಾಂಸವಿಲ್ಲ, ಅದಕ್ಕೇ ಕಡ್ಡಿ. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದೆ, ಆದರೆ ಟೀಚರ್ ಬಿಟ್ಟರೆ ಅದರಿಂದ ಯಾರೂ ಕರೆಯುವುದಿಲ್ಲ. ಮನೆಯಲ್ಲಿ ಮೇಜು ಕುರ್ಚಿ ಬಾಗಿಲು ಎಲ್ಲಕ್ಕೂ ಡಿಕ್ಕಿ ಹೊಡೆದುಕೊಂಡು ಓಡಾಡುವ ಈ ಹುಡುಗಿ ನೀರಿಗೆ ಇಳಿದಳೆಂದರೆ ಒಂದು ಹನಿಯೂ ದಂಡವಾಗಿ ಚಿಮ್ಮದ ಹಾಗೆ ಸಾಗುತ್ತಿದ್ದಳು. ಬೆಳಕು ಹರಿಯುವ ಮುಂಚೆ ಅವಳನ್ನು ಎಬ್ಬಿಸಿ, ಅರೆನಿದ್ದೆಯಲ್ಲೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಈಜುಕೊಳಕ್ಕೆ ಕರೆದೊಯ್ಯುವವಳು ಅಮ್ಮ. ಒದ್ದೆ ಕೂದಲಲ್ಲೇ ಶಾಲೆಗೆ ಬಿಟ್ಟು ಬರುವವಳೂ ಅವಳೇ. ಅಪ್ಪ ಲಿಫ್ಟ್ ರಿಪೇರಿಯವನು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಉಂಡ ಕೈ ತೊಳೆದು ಓಡಬೇಕು. ಮನೆಗೆ ಬಂದಮೇಲೆ ಅವನಿಗಿದ್ದದ್ದು ಒಂದೇ ಮಾತು, ಹೋಗ್ಲಿ ಬಿಡು.

ಆ ವರ್ಷ ಅಮ್ಮನ ತಲೆ ತಿಂದ ವಿಷಯ ಏನೆಂದರೆ, ಕಡ್ಡಿ ಗೋಡೆ ಮುಟ್ಟುವ ಮುಂಚೆ ನಿಧಾನವಾಗುತ್ತಿದ್ದಳು. ಇನ್ನೂರು ಮೀಟರಿನ ಸ್ಪರ್ಧೆ ಅವಳದ್ದು. ಮುಕ್ಕಾಲು ದೂರ ಎಲ್ಲರಿಗಿಂತ ಮುಂದೆ. ಕೊನೆಗೆ ಗೋಡೆ ಕಣ್ಣೆದುರು ಬಂದಾಗ ಕೈಬೀಸು ಸಡಿಲವಾಗಿ, ಕಾಲು ಸೋತು, ಹಿಂದಿದ್ದವರು ಹತ್ತಿರ ಬಂದುಬಿಡುತ್ತಿದ್ದರು. ಒಂದು ಸ್ಪರ್ಧೆಯಲ್ಲಾದರೆ ಸುಸ್ತು ಎನ್ನಬಹುದು. ಎರಡರಲ್ಲೂ ಹಾಗೇ ಆದಾಗ ಅಮ್ಮ ಮಗಳ ರಕ್ತ ಪರೀಕ್ಷೆ ಮಾಡಿಸಿದಳು. ರಕ್ತ ಚೆನ್ನಾಗಿಯೇ ಇತ್ತು. ಹಾಗಾದರೆ ಇದು ಸೋಮಾರಿತನವೇ ಎಂದು ತೀರ್ಮಾನಿಸಿ, ಮನೆಗೆ ಬರುವ ದಾರಿಯುದ್ದಕ್ಕೂ ಬೈದಳು. ಹಿಂದೆ ಕೂತ ಕಡ್ಡಿ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಮೌನವನ್ನೂ ಅಮ್ಮ ಸೊಕ್ಕು ಎಂದೇ ಲೆಕ್ಕಕ್ಕೆ ತೆಗೆದುಕೊಂಡಳು.

ಮುಂದಿನ ಸ್ಪರ್ಧೆಗೆ ಅಮ್ಮ ಹೋಗುವಷ್ಟರಲ್ಲಿ ಅವಳು ಯಾವಾಗಲೂ ಕೂರುವ ಜಾಗ ಭರ್ತಿಯಾಗಿತ್ತು. ಬೇರೆ ದಾರಿಯಿಲ್ಲದೆ ಕೊಳದ ಆಚೆ ಬದಿಗೆ ಹೋಗಿ, ಕೋಚ್ ನಿಲ್ಲುವ ಜಾಗದ ಬೆನ್ನಿಗೇ ಕೂತಳು. ಕೋಚನ್ನು ಮಕ್ಕಳು ಸೀಟಿ ಸರ್ ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಸೀಟಿ, ಬಲಗೈಯಲ್ಲಿ ಸ್ಟಾಪ್‌ವಾಚ್, ಎಡ ಹೆಗಲ ಮೇಲೆ ಬಿಳಿ ಟವೆಲ್. ಒಳ್ಳೆಯ ಮನುಷ್ಯ, ಮಕ್ಕಳ ಮೇಲೆ ಕೈ ಮಾಡಿದವನಲ್ಲ, ಬಾಯಿ ಮಾಡಿದವನೂ ಅಲ್ಲ.

ಕಡ್ಡಿ ಕೊನೆಯ ಬಾರಿ ತಿರುಗಿ ಗೋಡೆ ಒದ್ದು ಹೊರಟಳು. ಅವಳು ಉಸಿರಿಗೆ ಮುಖ ಹೊರಳಿಸುವುದು ಯಾವಾಗಲೂ ಬಲಕ್ಕೆ, ಎಂದರೆ ಸೀಟಿ ಸರ್ ನಿಂತ ಕಡೆಗೆ. ಸೀಟಿ ಸರ್ ಸ್ಟಾಪ್‌ವಾಚ್ ನೋಡಿದ. ಎಡ ಹೆಗಲಿನ ಟವೆಲನ್ನು ತೆಗೆದು ಬಲ ಹೆಗಲಿಗೆ ಹಾಕಿಕೊಂಡ. ಮುಂದಿನ ಉಸಿರಿಗೆ ಮುಖ ಹೊರಳಿಸಿದ ಕಡ್ಡಿಯ ಕೈಬೀಸು ತಟ್ಟನೆ ಸಡಿಲವಾಯಿತು.

ಅಮ್ಮ ಆ ಟವೆಲನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. ಆಮೇಲೆ ಅವಳ ಪಿತ್ತ ನೆತ್ತಿಗೇರಿತು.

ಸ್ಪರ್ಧೆ ಮುಗಿದು ಬಟ್ಟೆ ಬದಲಿಸುವ ಕೋಣೆಯ ಹೊರಗೆ ಅವಳು ಸೀಟಿ ಸರ್‌ನನ್ನು ಹಿಡಿದು ನಿಲ್ಲಿಸಿ, ಟವೆಲ್ ಯಾಕೆ ಹೆಗಲು ಬದಲಿಸಿತು ಎಂದು ಕೇಳಿದಳು. ಅವನು ಮೊದಲು ಸೆಕೆ ಎಂದ. ಅವಳ ಮುಖ ನೋಡಿ ಸುಳ್ಳು ಕೈಬಿಟ್ಟ. ಗೋಡೆಗೆ ಅಂಟಿಸಿದ್ದ ನಿಯಮಗಳ ಹಾಳೆಯ ಮುಂದೆ ಅವಳನ್ನು ನಿಲ್ಲಿಸಿ, ತಾಳ್ಮೆಯಿಂದ ಎಲ್ಲವನ್ನೂ ಬಿಡಿಸಿ ಹೇಳಿದ.

ವರ್ಷದ ಕೊನೆಗೆ ಎರಡು ಈಜು ಕೂಟಗಳಿರುತ್ತವೆ. ಒಂದು ದೊಡ್ಡ ಕೂಟ. ಅದಕ್ಕೆ ಹೋಗಬೇಕಾದರೆ ಇಂತಿಷ್ಟು ಸಮಯದೊಳಗೆ ಈಜಿರಬೇಕು ಎಂದು ಒಂದು ಗೆರೆ. ಇನ್ನೊಂದು ಚಿಕ್ಕ ಕೂಟ. ಅದು ದೊಡ್ಡದಕ್ಕೆ ಹೋಗಲಾಗದ ಮಕ್ಕಳಿಗೆಂದೇ ಇಟ್ಟದ್ದು, ಆದ್ದರಿಂದ ಅಲ್ಲಿ ಎಲ್ಲ ತಿರುಗುಮುರುಗು. ಇಂತಿಷ್ಟಕ್ಕಿಂತ ವೇಗವಾಗಿ ಆ ವರ್ಷ ಒಂದೇ ಒಂದು ಸಲ ಈಜಿದ್ದರೂ ಸಾಕು, ಪ್ರವೇಶವಿಲ್ಲ. ನುರಿತವರು ಬಂದು ಕಲಿಯುವವರ ಪದಕಗಳನ್ನು ಬಾಚಿಕೊಂಡು ಹೋಗಬಾರದೆಂಬುದು ಉದ್ದೇಶ. ಉದ್ದೇಶದಲ್ಲೇನೂ ತಪ್ಪಿಲ್ಲ. ಎರಡು ಗೆರೆಗಳೂ ಒಂದೇ ಕಡೆ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ದೊಡ್ಡ ಕೂಟದ ಗೆರೆ ಎಳೆಯುವುದು ಒಂದು ಸಮಿತಿ, ಚಿಕ್ಕದರ ಗೆರೆ ಎಳೆಯುವುದು ಇನ್ನೊಂದು, ಎರಡಕ್ಕೂ ಮಾತುಕತೆಯಿಲ್ಲ. ಆ ವರ್ಷ ದೊಡ್ಡವರು ತಮ್ಮ ಗೆರೆಯನ್ನು ಬಿಗಿಮಾಡಿದರು. ಚಿಕ್ಕವರು ತಮ್ಮದನ್ನು ಇದ್ದಲ್ಲೇ ಬಿಟ್ಟರು. ನಡುವೆ ಎರಡು ಸೆಕೆಂಡಿನ ಒಂದು ಸಂದು ಉಳಿಯಿತು. ಆ ಸಂದಿಗೆ ಬಿದ್ದ ಮಗು ಚಿಕ್ಕ ಕೂಟಕ್ಕೆ ಹೋಗುವಂತಿಲ್ಲ, ಅದರ ವೇಗ ಜಾಸ್ತಿ. ದೊಡ್ಡದಕ್ಕೂ ಹೋಗುವಂತಿಲ್ಲ, ಅದರ ವೇಗ ಕಮ್ಮಿ.

“ಪೂರ್ತಿ ಈಜೋಕೆ ಬಿಟ್ರೆ ಇವಳು ನೇರ ಆ ಸಂದಿಗೇ ಬೀಳ್ತಾಳೆ ಮೇಡಂ,” ಎಂದ ಸೀಟಿ ಸರ್. “ವರ್ಷವಿಡೀ ಕಷ್ಟಪಟ್ಟು ಮನೇಲಿ ಕೂತ್ಕೋಬೇಕಾಗತ್ತೆ. ನಾನು ಅವಳಿಗೊಂದು ಕೂಟ ಉಳಿಸಿಕೊಡ್ತಾ ಇದ್ದೀನಿ ಅಷ್ಟೇ.”

“ಓಡೋ ಮಗೂಗೆ ಕುಂಟೋದು ಕಲಿಸಿ, ಅದನ್ನ ಉಪಕಾರ ಅಂತೀರಲ್ಲ,” ಎಂದಳು ಅಮ್ಮ. “ಚಿಕ್ಕ ಕೂಟದಲ್ಲಿ ಇವಳು ಗೆದ್ದರೆ ಶೀಲ್ಡ್ ಯಾರ ಕಪಾಟಿಗೆ ಹೋಗತ್ತೆ?”

ಶೀಲ್ಡ್ ಹೋಗುವುದು ಸೀಟಿ ಸರ್‌ನ ಈಜು ಕ್ಲಬ್ಬಿನ ಕಪಾಟಿಗೆ. ಸೀಟಿ ಸರ್ ಕೊಳದ ನೀರಿನ ಕಡೆ ನೋಡಿದ. ಎಲ್ಲ ಕ್ಲಬ್ಬಿನವರೂ ಹೀಗೇ ಮಾಡುವುದು, ನಾವೊಬ್ಬರೇ ಮಾಡದಿದ್ದರೆ ನಮ್ಮ ಮಕ್ಕಳಿಗೇ ನಷ್ಟ ಎಂದು ಏನೇನೋ ಹೇಳಿದ. ಅಮ್ಮನಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ರಕ್ತ ಪರೀಕ್ಷೆಗೆಂದು ಸೂಜಿ ಚುಚ್ಚಿಸಿಕೊಂಡ ಮಗಳ ಕೈ ನೆನಪಾಯಿತು.

ಮರುದಿನ ಊಟದ ಬಿಡುವಿನಲ್ಲಿ ಅವಳು ದೊಡ್ಡ ಕೂಟದ ಕಚೇರಿಗೆ ಫೋನ್ ಮಾಡಿದಳು. ಅವರು, ನಮ್ಮ ಗೆರೆ ಸರಿಯಾಗಿದೆ, ಸಂದು ಇದ್ದರೆ ಚಿಕ್ಕ ಕೂಟದವರನ್ನು ಕೇಳಿ ಎಂದರು. ಚಿಕ್ಕ ಕೂಟದವರು, ನಾವು ಗೆರೆಯನ್ನು ಅಲುಗಿಸಿಯೇ ಇಲ್ಲ, ಅಲುಗಿಸಿದವರನ್ನು ಕೇಳಿ ಎಂದು ಕೈತೊಳೆದುಕೊಂಡರು. ವೇಗವಾಗಿ ಈಜಿದ್ದೇ ತಪ್ಪು ಎನ್ನುವ ಈಜಿನ ಸ್ಪರ್ಧೆ ಎಲ್ಲಾದರೂ ಉಂಟೇ ಎಂದು ಇವಳು ಕೇಳಿದ್ದಕ್ಕೆ ಆ ಕಡೆಯ ಹೆಂಗಸು ಬೆಣ್ಣೆಯಂಥ ದನಿಯಲ್ಲಿ, ನಿಯಮ ನಿಯಮವೇ ಅಲ್ಲವೇ ಮೇಡಂ ಎಂದಳು. ಆ ದನಿ ತನ್ನದೇ ಕೌಂಟರಿನ ದನಿ ಎಂದು ಅಮ್ಮನಿಗೆ ಗೊತ್ತಾಯಿತು. ಗೊತ್ತಾದದ್ದರಿಂದ ಕೋಪ ಇನ್ನೂ ಹೆಚ್ಚಿತೇ ಹೊರತು ಇಳಿಯಲಿಲ್ಲ. ಆ ಮಧ್ಯಾಹ್ನ ಸರದಿ ತಪ್ಪಿದ ಒಬ್ಬ ಮುದುಕನನ್ನು ಮಾತ್ರ ಸುಮ್ಮನೆ ಒಳಗೆ ಬಿಟ್ಟಳು.

ಸಂಜೆ ಕಡ್ಡಿಯನ್ನು ಎದುರಿಗೆ ಕೂರಿಸಿಕೊಂಡು, ಟವೆಲಿನ ವಿಷಯ ನನಗೇಕೆ ಹೇಳಲಿಲ್ಲ ಎಂದು ಕೇಳಿದಳು. ಕಡ್ಡಿ ಪಾದದ ಬೆರಳುಗಳನ್ನು ನೋಡುತ್ತ ಕೂತಳು. ಹೇಳಿದ್ದರೆ ನೀನು ಜಗಳ ಮಾಡುತ್ತಿದ್ದೆ ಎಂದಳು. ಮಾಡಬಾರದಿತ್ತೇ ಎಂದಳು ಅಮ್ಮ. ಚಿಕ್ಕ ಕೂಟಕ್ಕೆ ಕಡ್ಡಿಯ ಗೆಳತಿಯರೆಲ್ಲ ಹೋಗುವವರಿದ್ದರು. ಬಸ್ಸಿನಲ್ಲಿ ಯಾರ ಪಕ್ಕ ಯಾರು ಎಂಬುದು ಕೂಡ ಆಗಲೇ ನಿರ್ಧಾರವಾಗಿತ್ತು. ಕಡ್ಡಿ ತಾನಾಗಿಯೇ ಇನ್ನೊಂದು ಮಾತು ಹೇಳಿದಳು.

“ಪೂರ್ತಿ ಈಜಿದ್ರೆ ನಾನೆಷ್ಟು ಫಾಸ್ಟು ಅಂತ ನಂಗೇ ಗೊತ್ತಿಲ್ಲ ಅಮ್ಮ.”

ಅಮ್ಮನಿಗೆ ಅಷ್ಟೇ ಸಾಕಾಯಿತು. ಪ್ರವೇಶದ ಗಡುವಿಗೆ ಮುಂಚೆ ಇನ್ನೊಂದೇ ಸ್ಪರ್ಧೆ ಉಳಿದಿತ್ತು. ಅದರಲ್ಲಿ ಪೂರ್ತಿ ಈಜುತ್ತೀಯ, ದೊಡ್ಡ ಕೂಟಕ್ಕೇ ಹೋಗುತ್ತೀಯ, ಆ ಸಂದಿಯನ್ನು ದಾಟಿ ಆಚೆ ಬೀಳುತ್ತೀಯ, ನೋಡೋಣ ಯಾರು ತಡೆಯುತ್ತಾರೆ ಎಂದು ಅವಳೇ ಘೋಷಿಸಿದಳು. ಪಾತ್ರೆ ತೊಳೆಯುತ್ತಿದ್ದ ಅಪ್ಪ ಒಳಗಿನಿಂದ, ದಾಟದಿದ್ದರೆ ಎಂದ. ದಾಟುತ್ತಾಳೆ ಎಂದಳು ಅಮ್ಮ. ಅಪ್ಪ ತನ್ನ ಮಾಮೂಲಿ ಮಾತನ್ನು ಹೇಳಿದ. ಹೋಗಲಿ ಬಿಡು, ಹೋಗಲಿ ಬಿಡು ಎಂದೇ ಈ ಮನೆಯಲ್ಲಿ ಎಲ್ಲ ಹೋದದ್ದು ಎಂದು ಅವಳು ಅವನ ಮೇಲೂ ಹರಿಹಾಯ್ದಳು. ಕಡ್ಡಿ ಎದ್ದು ಒಳಗೆ ಹೋದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಆ ಸ್ಪರ್ಧೆಯ ದಿನ ಅಮ್ಮ ಆಸ್ಪತ್ರೆಗೆ ರಜೆ ಹಾಕಿ ಎಲ್ಲರಿಗಿಂತ ಮುಂಚೆ ಹೋಗಿ ಸೀಟಿ ಸರ್ ಬೆನ್ನಿಗೇ ಕೂತಳು. ಮಕ್ಕಳು ನೀರಿಗೆ ಹಾರಿದರು. ಕಡ್ಡಿ ಹಾರಿದ ರಭಸಕ್ಕೇ ಅಮ್ಮ ಕೂತ ಜಾಗದ ತುದಿಗೆ ಜರುಗಿದಳು. ಮುಕ್ಕಾಲು ದೂರ ಮುಗಿದು ಮಗಳು ಕೊನೆಯ ಬಾರಿ ತಿರುಗಿದ್ದೇ ತಡ, ಸೀಟಿ ಸರ್ ಸ್ಟಾಪ್‌ವಾಚ್ ನೋಡಿ ಹೆಗಲಿಗೆ ಕೈ ಹಾಕಿದ. ಅಲ್ಲಿ ಟವೆಲ್ ಇರಲಿಲ್ಲ. ಅಮ್ಮ ಅದನ್ನು ಹಿಂದಿನಿಂದ ಎಳೆದುಕೊಂಡು, ಮಡಿಸಿ, ಅದರ ಮೇಲೆ ಕೂತುಬಿಟ್ಟಿದ್ದಳು. ಮೇಡಂ, ಮಗು ಬದುಕು ಹಾಳು ಮಾಡ್ತಿದ್ದೀರಿ ಎಂದು ಅವನು ಪಿಸುಗುಟ್ಟಿದ. ಅವಳು ಅಲುಗಾಡಲಿಲ್ಲ.

ಆದರೆ ನೀರಿನ ಕಡೆ ನೋಡಿದ ಇಬ್ಬರೂ ಬೆಪ್ಪಾದರು. ಕಡ್ಡಿಯ ಮುಖ ಈ ಕಡೆಗೆ ಹೊರಳುತ್ತಲೇ ಇರಲಿಲ್ಲ. ಅವಳು ಉಸಿರೆಳೆಯುತ್ತಿದ್ದದ್ದು ಎಡಕ್ಕೆ, ಇವರಿಬ್ಬರೂ ಇಲ್ಲದ ಕಡೆಗೆ. ಹುಟ್ಟಿದಾರಭ್ಯ ಬಲಕ್ಕೇ ಹೊರಳುತ್ತಿದ್ದ ಹುಡುಗಿ ಯಾವಾಗ ಎಡಕ್ಕೆ ಕಲಿತಳೋ ದೇವರಿಗೇ ಗೊತ್ತು. ಟವೆಲ್ ಯಾವ ಹೆಗಲ ಮೇಲಿದೆ, ಅಮ್ಮ ಏನು ಸನ್ನೆ ಮಾಡುತ್ತಿದ್ದಾಳೆ, ಯಾವುದೂ ಅವಳಿಗೆ ಬೇಕಿರಲಿಲ್ಲ. ಕೈಬೀಸು ಸಡಿಲವಾಗಲಿಲ್ಲ. ಗೋಡೆ ಹತ್ತಿರ ಬಂದಷ್ಟೂ ಕಾಲುಗಳು ಬಿರುಸಾದವು. ಅವಳು ಗೋಡೆ ಮುಟ್ಟಿದಾಗ ಎರಡನೆಯವಳು ಇನ್ನೂ ಎಷ್ಟೋ ಹಿಂದಿದ್ದಳು. ಅಮ್ಮ ಎದ್ದು ನಿಂತು ಏನು ಕೂಗಿದಳೋ ಅವಳಿಗೇ ತಿಳಿಯಲಿಲ್ಲ.

ಫಲಕದ ಮೇಲೆ ಸಮಯ ಮೂಡಿತು. ಸೀಟಿ ಸರ್ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡ. ಚಿಕ್ಕ ಕೂಟದ ಗೆರೆಯನ್ನು ಕಡ್ಡಿ ಸಲೀಸಾಗಿ ದಾಟಿದ್ದಳು. ದೊಡ್ಡ ಕೂಟದ ಗೆರೆಗೆ ಇನ್ನೂ ಅರ್ಧ ಸೆಕೆಂಡ್ ಬಾಕಿ ಇತ್ತು. ಸಂದಿಯ ಒಳಗೇ, ಆಚೆ ದಡಕ್ಕೆ ಕೈ ಚಾಚಿದಷ್ಟು ಹತ್ತಿರದಲ್ಲಿ.

ಅಮ್ಮ ಧೊಪ್ಪನೆ ಕೂತುಬಿಟ್ಟಳು. ಮರುಕ್ಷಣವೇ ಕೋಪ ಬಂದು ಅವಳನ್ನು ಹಿಡಿದೆತ್ತಿ ನಿಲ್ಲಿಸಿತು. ಎಲ್ಲರಿಗಿಂತ ಮುಂದೆ ಈಜಿದ ಮಗು ಮನೆಯಲ್ಲಿ ಕೂರಬೇಕು, ಅದರ ಹಿಂದೆ ಬಂದವರೆಲ್ಲ ಬಸ್ಸು ಹತ್ತಬೇಕು, ಇದಕ್ಕೆ ನಿಯಮ ಎಂದು ಹೆಸರು. ಎಂಥ ನಾಚಿಕೆಗೇಡು. ತೀರ್ಪುಗಾರರು ಮೇಜಿನ ಹಿಂದೆ ಚಹಾ ಕುಡಿಯುತ್ತ ಕೂತಿದ್ದರು. ಇವತ್ತು ಆ ಲೋಟ ಆ ಮೇಜಿನ ಮೇಲೆ ಉಳಿಯುವುದಿಲ್ಲ ಎಂದುಕೊಂಡು ಅವಳು ದಾಪುಗಾಲು ಹಾಕಿದಳು.

ಅರ್ಧ ದಾರಿಯಲ್ಲಿ ಒಂದು ಒದ್ದೆ ಕೈ ಅವಳ ಮೊಣಕೈ ಹಿಡಿಯಿತು. ಕಡ್ಡಿ. ಈಜಿನ ಕನ್ನಡಕ ಹಣೆಗೆ ಏರಿಸಿದ್ದಳು, ಕಣ್ಣ ಸುತ್ತ ಅದರ ಗುರುತು ಕೆಂಪಗೆ ಮೂಡಿತ್ತು. ಫಲಕ ನೋಡಿಯೇ ಬಂದಿದ್ದಳು.

“ಬಿಡು, ಅವರನ್ನ ಕೇಳ್ದೆ ಬಿಡಲ್ಲ ನಾನು,” ಎಂದಳು ಅಮ್ಮ. “ಇಷ್ಟು ಚೆನ್ನಾಗಿ ಈಜಿದ್ದೀಯ.”

“ಗೊತ್ತು. ನಾನೇ ಈಜಿದ್ದು. ನಂಗೆ ನೋಡ್ಬೇಕಿತ್ತು, ನೋಡಿದೆ.” ಕಡ್ಡಿ ಹಿಡಿದ ಮೊಣಕೈ ಬಿಡಲಿಲ್ಲ. “ನೀನೀಗ ಅಲ್ಲಿ ಹೋಗಿ ಜಗಳ ಮಾಡ್ತೀಯ. ಆಮೇಲೆ ಮನೇಗೆ ಹೋಗೋ ತನಕ ನಾನು ನಿನ್ನ ಸಮಾಧಾನ ಮಾಡ್ಬೇಕು. ಯಾವಾಗ್ಲೂ ಹಾಗೇ ಆಗೋದು. ಇವತ್ತು ಬೇಡ ಅಮ್ಮ. ಇವತ್ತು ನಂಗೆ ಅಳ್ಬೇಕು.”

ಅಮ್ಮ ನಿಂತಳು. ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡ ದಿನ, ರಸ್ತೆ ಅಗೆದವರ ಜೊತೆ ತಾನು ಕೂಗಾಡುತ್ತಿದ್ದಷ್ಟು ಹೊತ್ತೂ ರಕ್ತ ಸೋರುವ ಕಾಲಿನಲ್ಲೇ ನಿಂತು ಈ ಮಗು ತನ್ನ ಬೆನ್ನು ಸವರುತ್ತಿತ್ತು. ಶಾಲೆಯಲ್ಲಿ ಯಾರೋ ಅವಳ ಚಿತ್ರ ಹರಿದ ದಿನವೂ ಅಷ್ಟೇ. ಅವಳಿಗಾಗಿಯೇ ಬಂದ ಕೋಪವೆಲ್ಲ ಪ್ರತಿ ಸಲವೂ ಅವಳ ಅಳುವನ್ನು ನುಂಗಿ ಕೂತಿತ್ತು. ಹನ್ನೆರಡು ವರ್ಷದಲ್ಲಿ ಮಗಳು ತನ್ನೆದುರು ಮನಸಾರೆ ಅತ್ತದ್ದು ಯಾವಾಗ ಎಂದು ಅಮ್ಮ ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಅವಳು ಅಲ್ಲೇ ಒದ್ದೆ ಮೆಟ್ಟಿಲಿನ ಮೇಲೆ ಕೂತಳು. ಕಡ್ಡಿ ಅವಳ ಮಡಿಲಿಗೆ ಮುಖ ಹುದುಗಿಸಿ, ಸುತ್ತ ಜನ ಇದ್ದಾರೆಂಬುದನ್ನೂ ಲೆಕ್ಕಿಸದೆ ಗಟ್ಟಿಯಾಗಿ ಅಳತೊಡಗಿದಳು. ಸೀಟಿ ಸರ್ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದ. ಅಮ್ಮ ಅವನ ಕಡೆ ನೋಡದೆಯೇ ಸುಮ್ಮನಿರುವಂತೆ ಕೈಯೆತ್ತಿದಳು. ಹೇಳಬೇಕಾದ ಮಾತು ಅವಳ ನಾಲಗೆಯ ಮೇಲೂ ಬೇಕಾದಷ್ಟಿತ್ತು. ಹಲ್ಲು ಕಚ್ಚಿ ಹಿಡಿದು, ಮಗಳ ಅಳು ಮುಗಿಯುವವರೆಗೂ ಅವಳು ಒಂದು ಮಾತೂ ಆಡಲಿಲ್ಲ.